ಹಾಲು ಮಾರುತ್ತಿದ್ದ ಜಿಲ್ಲೆ ಈಗ ಅಮೆರಿಕದ ಸಾಹುಕಾರ!

ಅಮೆರಿಕದಲ್ಲಿ ಅತಿ ಶ್ರೀಮಂತ ಜಿಲ್ಲೆ ಯಾವುದು ಅಂತ ಯಾರನ್ನಾದರೂ ಕೇಳಿ ನೋಡಿ. ಒಬ್ಬರು ನ್ಯೂಯಾರ್ಕ್ ಅಂತಾರೆ, ಇನ್ನೊಬ್ಬರು ಕ್ಯಾಲಿಫೋರ್ನಿಯಾ ಅಂತಾರೆ. ಎರಡೂ ತಪ್ಪು. ರಾಜಧಾನಿ ವಾಷಿಂಗ್ಟನ್ನಿಗೆ ಪಶ್ಚಿಮದಲ್ಲಿ, ವರ್ಜೀನಿಯಾ ರಾಜ್ಯದ ಒಂದು ಮೂಲೆಯಲ್ಲಿ ಲೌಡನ್ ಅನ್ನುವ ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ಜಿಲ್ಲೆ ಅಂದುಕೊಳ್ಳಿ. ವಿಸ್ತೀರ್ಣ ಸುಮಾರು 1,350 ಚದರ ಕಿಲೋಮೀಟರ್. ಅಲ್ಲಿನ ಮನೆಗಳನ್ನೆಲ್ಲ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಸಾಲಿನ ನಟ್ಟನಡುವೆ ಬರುವ ಮನೆಯ ವರ್ಷದ ಆದಾಯವೇ 1,70,000 ಡಾಲರ್ ಮೀರುತ್ತದೆ. ಹತ್ತು ಹದಿನೈದು ವರ್ಷಗಳಿಂದ ದೇಶದ ದೊಡ್ಡ ಕೌಂಟಿಗಳ ಪಟ್ಟಿಯಲ್ಲಿ ಹೆಚ್ಚುಕಡಮೆ ಪ್ರತಿವರ್ಷ ಇದೇ ಮೊದಲು.

ಸರಿ ಸ್ವಾಮಿ, ಅವರ ಸಾಹುಕಾರಿಕೆ ನಮಗೇನು ಅಂತೀರಾ? ಎರಡು ಸಂಬಂಧ ಇದೆ. ಒಂದು, ನಮ್ಮ ಕಡೆಯ ಎಷ್ಟೋ ಹುಡುಗರು ಕಂಪ್ಯೂಟರ್ ಕಲಿತು ಹೋಗಿ ಸಂಸಾರ ಹೂಡಿರುವ ಊರುಗಳು ಅಲ್ಲಿವೆ. ಎರಡನೆಯದು, ಬಸ್ಸಿನಲ್ಲಿ ಕೂತು ಫೋನು ಒತ್ತುವವರೆಲ್ಲ ಕೇಳಬೇಕಾದದ್ದು: ಜಗತ್ತಿನಲ್ಲಿ ಇಂಟರ್‌ನೆಟ್ಟಿನ ಸಾಮಾನು ಅತಿ ಹೆಚ್ಚು ರಾಶಿ ಬಿದ್ದಿರುವ ಜಾಗ ಇದೇ. ಆ ರಾಶಿಯಿಂದ ಬರುವ ದುಡ್ಡು ಜಿಲ್ಲೆಗೆ ಏನು ಮಾಡಿತು ಅನ್ನುವುದು ಅಂಗಡಿ ಇಟ್ಟವರೂ ಬಸ್ಸಿಗೆ ಕಾಯುವವರೂ ತಿಳಿಯಬೇಕಾದ ಕಥೆ.

ಹಾಲಿನ ರೈಲು

ಹಿಂದೆ ಲೌಡನ್ ಅಂದರೆ ಹಸು, ಹುಲ್ಲು, ಜೋಳ, ಕುದುರೆ. ಇಲ್ಲಿನ ಹಾಲು ರಾಜಧಾನಿಯ ಕಡೆಗೆ ಹೋಗುವುದಕ್ಕೆ ಒಂದು ರೈಲು ದಾರಿಯೇ ಇತ್ತು. 1968ರಲ್ಲಿ ಆ ರೈಲು ನಿಂತುಹೋಯಿತು. ಹಳಿ ಕಿತ್ತ ಜಾಗದಲ್ಲಿ ಈಗ ಜನ ಸೈಕಲ್ ಹೊಡೆಯುತ್ತಾರೆ. 1970ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನ 37,150. ನಮ್ಮ ಒಂದು ತಾಲೂಕು ಕೇಂದ್ರದ ಜನಸಂಖ್ಯೆ ಅಷ್ಟೆ!

ಆದರೆ ಅಷ್ಟರಲ್ಲಾಗಲೇ ಬೀಜ ಬಿದ್ದಿತ್ತು. 1962ರಲ್ಲಿ ಜಿಲ್ಲೆಯ ಗಡಿಯಲ್ಲಿ ಡಲಸ್ ವಿಮಾನ ನಿಲ್ದಾಣ ತೆರೆಯಿತು. ಅದರ ಪಕ್ಕದಲ್ಲೇ ಸುಮಾರು 1,700 ಎಕರೆ ಹೊಲ ಕೊಂಡು, ಉಕ್ಕಿನ ಕಂಪನಿಯೊಂದರ ಬಂಡವಾಳದಿಂದ ಸ್ಟರ್ಲಿಂಗ್ ಪಾರ್ಕ್ ಅನ್ನುವ ಬಡಾವಣೆ ಎಬ್ಬಿಸಿದರು. ವಿಮಾನ ನಿಲ್ದಾಣ ಬಂದರೆ ರಸ್ತೆ ಬರುತ್ತದೆ, ರಸ್ತೆ ಬಂದರೆ ಸೈಟು ಬರುತ್ತದೆ, ಸೈಟು ಬಂದರೆ ಹಸು ಹೋಗುತ್ತದೆ. ಎಲ್ಲ ಕಡೆಯೂ ಇದೇ ಕ್ರಮ.

ಲೆಕ್ಕ ನೋಡಿ. 1990ರಲ್ಲಿ 86,129 ಜನ. 2000ದಲ್ಲಿ 1,69,599. 2010ರಲ್ಲಿ 3,12,311. 2020ರಲ್ಲಿ 4,20,959. ಐವತ್ತು ವರ್ಷದಲ್ಲಿ ಹನ್ನೊಂದು ಪಟ್ಟು! ಶಾಲೆ ಕಟ್ಟಿ ಮುಗಿಸುವಷ್ಟರಲ್ಲಿ ಮಕ್ಕಳು ಇನ್ನೊಂದು ಶಾಲೆಗಾಗುವಷ್ಟು ಬಂದಿರುತ್ತಿದ್ದರು. ಈಗ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 80 ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ.

ಇನ್ನು ರೈಲು? ಅದು ಮರಳಿ ಬರಬೇಕಾದರೆ 54 ವರ್ಷ ಬೇಕಾಯಿತು. 2022ರ ನವೆಂಬರ್ 15ರಂದು ವಾಷಿಂಗ್ಟನ್ನಿನ ಮೆಟ್ರೋ ಲೌಡನ್ನಿನ ಆಶ್‌ಬರ್ನ್ ತನಕ ಓಡಿತು. ಅದೂ ಹೇಳಿದ ದಿನಕ್ಕಿಂತ ನಾಲ್ಕು ವರ್ಷ ತಡವಾಗಿ. ಮೆಟ್ರೋ ಕಾಮಗಾರಿ ತಡವಾಗುವುದು ನಮ್ಮಲ್ಲಿ ಮಾತ್ರ ಅಂದುಕೊಂಡವರು ಸಮಾಧಾನ ಮಾಡಿಕೊಳ್ಳಬಹುದು.

ಜನ ಬದಲಾದರು, ಜಿಲ್ಲೆಯೂ

ಈ ಜಿಲ್ಲೆಯ ಹಳೆಯ ಮುಖ ಅಷ್ಟೇನೂ ಚೆಂದವಿರಲಿಲ್ಲ. ಕಪ್ಪು ಜನರ ಮಕ್ಕಳಿಗೆ ಬೇರೆ ಶಾಲೆ, ಬಿಳಿಯರಿಗೆ ಬೇರೆ. ಕಪ್ಪು ಜನರ ಮಕ್ಕಳಿಗೆ ಸರಿಯಾದ ಹೈಸ್ಕೂಲೇ ಇಲ್ಲದಿದ್ದಾಗ ತಂದೆ ತಾಯಂದಿರು ಕಾಸಿಗೆ ಕಾಸು ಕೂಡಿಸಿ 4,000 ಡಾಲರಿಗೆ ಜಮೀನು ಕೊಂಡರು. ಅದನ್ನು ಕೌಂಟಿಗೆ ಒಂದೇ ಡಾಲರಿಗೆ ಬರೆದುಕೊಟ್ಟು, ಇಲ್ಲಿ ಶಾಲೆ ಕಟ್ಟಿಕೊಡಿ ಅಂದರು. 1941ರಲ್ಲಿ ಆ ಡಗ್ಲಾಸ್ ಹೈಸ್ಕೂಲು ತೆರೆಯಿತು. ಬೇರೆ ಬೇರೆ ಶಾಲೆಯ ಪದ್ಧತಿ ಪೂರ್ತಿ ಹೋದದ್ದು 1968ರಲ್ಲಿ. ಜಿಲ್ಲಾ ಕೇಂದ್ರ ಲೀಸ್‌ಬರ್ಗಿನಲ್ಲಂತೂ, ಕಪ್ಪು ಮಕ್ಕಳ ಜೊತೆ ಈಜಬೇಕಾಗುತ್ತದಲ್ಲ ಅಂತ ಈಜುಕೊಳವನ್ನೇ ಮುಚ್ಚಿಬಿಟ್ಟರು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಅದೇ ಜಿಲ್ಲೆಯಲ್ಲಿ 2015ರ ಚುನಾವಣೆಯಲ್ಲಿ ಫಿಲಿಸ್ ರ್ಯಾಂಡಲ್ ಎಂಬ ಕಪ್ಪು ಮಹಿಳೆ ಕೌಂಟಿ ಮಂಡಳಿಯ ಅಧ್ಯಕ್ಷೆಯಾಗಿ ಗೆದ್ದು ಬಂದರು. 1908ರಿಂದ ನ್ಯಾಯಾಲಯದ ಮುಂದೆ ಬಂದೂಕು ಹಿಡಿದು ನಿಂತಿದ್ದ ದಕ್ಷಿಣದ ಸೈನಿಕನ ಪ್ರತಿಮೆ 2020ರ ಜುಲೈನಲ್ಲಿ ಜಾಗ ಖಾಲಿ ಮಾಡಿತು.

ಇದೆಲ್ಲ ಹೇಗಾಯಿತು? ಜನರೇ ಬದಲಾದರು. 2000ದಲ್ಲಿ ಏಷ್ಯಾ ಮೂಲದವರು ನೂರಕ್ಕೆ ಐದರಷ್ಟು. 2020ರ ಹೊತ್ತಿಗೆ ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು, ಅವರಲ್ಲೂ ಭಾರತದವರೇ ಮುಂದು. ಬಿಳಿಯರ ಪಾಲು ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಂತಿದೆ. ಆಶ್‌ಬರ್ನಿನ ಅಂಗಡಿ ಸಾಲಿನಲ್ಲಿ ಇಡ್ಲಿ ಹಿಟ್ಟು, ಕರಿಬೇವು, ಸೋನಾಮಸೂರಿ ಅಕ್ಕಿ ಸಿಗುತ್ತದೆ. ಶಾಲೆಗೆ ದೀಪಾವಳಿ ರಜೆ, ಈದ್ ರಜೆ. ವಾಷಿಂಗ್ಟನ್ ಸೀಮೆಯ ಕನ್ನಡಿಗರ 'ಕಾವೇರಿ' ಸಂಘದವರು ಯುಗಾದಿ, ರಾಜ್ಯೋತ್ಸವ ಮಾಡುತ್ತಾರೆ. 2024ರ ನವೆಂಬರಿನಲ್ಲಿ ಆಶ್‌ಬರ್ನ್ ವಾಸಿ ಸುಹಾಸ್ ಸುಬ್ರಮಣ್ಯಂ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ವರ್ಜೀನಿಯಾದಿಂದ ಹಾಗೆ ಗೆದ್ದ ಭಾರತ ಮೂಲದವರಲ್ಲಿ ಅವರೇ ಮೊದಲಿಗರು. ಅವರ ತಾಯಿ ಭಾರತದಿಂದ ಬಂದು ಇಳಿದದ್ದು ಇದೇ ಡಲಸ್ ನಿಲ್ದಾಣದಲ್ಲಿ.

ಮತಪೆಟ್ಟಿಗೆಯೂ ತಿರುಗಿತು. 1964ರ ಮೇಲೆ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಗೆ ಒಮ್ಮೆಯೂ ಬಹುಮತ ಕೊಡದಿದ್ದ ಜಿಲ್ಲೆ 2008ರಲ್ಲಿ ಒಬಾಮಾಗೆ ಕೊಟ್ಟಿತು. ಆಮೇಲೆ 2024ರ ತನಕ ಪ್ರತಿಸಲವೂ ಅದೇ ಪಕ್ಷ.

ಕಂಪ್ಯೂಟರಿನ ಗೋದಾಮು

ಈಗ ದುಡ್ಡಿನ ಮಾತಿಗೆ ಬರೋಣ. ಮೊದಲು ಬಂದದ್ದು ಸರ್ಕಾರದ ದುಡ್ಡು: ಸೇನೆ, ಗುಪ್ತಚರ, ಸರ್ಕಾರಿ ಕಂಪ್ಯೂಟರ್ ಗುತ್ತಿಗೆ. ಆಮೇಲೆ ಇಂಟರ್‌ನೆಟ್ಟಿನ ದುಡ್ಡು. 1990ರ ದಶಕದಲ್ಲಿ ಅಮೆರಿಕದ ಮನೆಮನೆಗೆ ಇಂಟರ್‌ನೆಟ್ ಕೊಡುತ್ತಿದ್ದ ಎಒಎಲ್ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಇಲ್ಲಿಗೆ ತಂದಿತು. ಆಶ್‌ಬರ್ನಿನಲ್ಲಿ ವರ್ಲ್ಡ್‌ಕಾಮ್ ದೊಡ್ಡ ಕ್ಯಾಂಪಸ್ ಹೂಡಿತು. ಭೂಮಿಯ ಕೆಳಗೆ ಕೇಬಲ್ ಜಾಲ ಹಬ್ಬಿತು. 2002ರಲ್ಲಿ ವರ್ಲ್ಡ್‌ಕಾಮ್ ದಿವಾಳಿ. ಕೆಲವು ವರ್ಷ ಕಳೆದು ಎಒಎಲ್ ಮುಖ್ಯ ಕಚೇರಿಯೂ ನ್ಯೂಯಾರ್ಕಿಗೆ ಎದ್ದುಹೋಯಿತು. ಕಂಪನಿಗಳು ಹೋದರೂ ಕೇಬಲ್ ಮಾತ್ರ ನೆಲದಲ್ಲೇ ಉಳಿಯಿತು.

ಆ ಕೇಬಲ್ ಹುಡುಕಿಕೊಂಡು ಬಂದವೇ ಡೇಟಾ ಸೆಂಟರುಗಳು. ಡೇಟಾ ಸೆಂಟರ್ ಅಂದರೆ ಕಂಪ್ಯೂಟರುಗಳ ಗೋದಾಮು. ಕಿಟಕಿ ಕಡಿಮೆ, ಜನ ಇನ್ನೂ ಕಡಿಮೆ. ಒಳಗೆ ಸಾಲು ಸಾಲು ಯಂತ್ರ, ಅವನ್ನು ತಂಪಾಗಿಡಲು ಹಗಲು ರಾತ್ರಿ ಗಾಳಿಯಂತ್ರ, ಕರೆಂಟು ಹೋದರೆ ಅಂತ ಹೊರಗೆ ಡೀಸೆಲ್ ಜನರೇಟರ್. ಇಂಥವು ಲೌಡನ್ನಿನಲ್ಲಿ ಈಗ ಸುಮಾರು 200. ಜಗತ್ತಿನಲ್ಲಿ ಇನ್ನೆಲ್ಲೂ ಇಷ್ಟು ಒತ್ತೊತ್ತಾಗಿ ಇಲ್ಲ.

ಕೌಂಟಿಗೆ ಇವುಗಳ ಮೇಲೆ ಯಾಕೆ ಇಷ್ಟು ಮೋಹ? ಗೋದಾಮಿನ ಯಂತ್ರಕ್ಕೆ ಮಕ್ಕಳಿಲ್ಲ, ಶಾಲೆ ಕೇಳುವುದಿಲ್ಲ. ಜ್ವರ ಬರುವುದಿಲ್ಲ, ಆಸ್ಪತ್ರೆ ಕೇಳುವುದಿಲ್ಲ. ಆದರೆ ಅದರ ಬೆಲೆಯ ಮೇಲೆ ವರ್ಷ ವರ್ಷ ತೆರಿಗೆ ಬರುತ್ತದೆ. ಡೇಟಾ ಸೆಂಟರಿಗಾಗಿ ಒಂದು ಡಾಲರ್ ಖರ್ಚಾದರೆ 26 ಡಾಲರ್ ತೆರಿಗೆ ಬರುತ್ತದೆ ಅಂತ ಕೌಂಟಿಯವರೇ ಲೆಕ್ಕ ಕೊಟ್ಟಿದ್ದಾರೆ. ಇಂಥ ಗಿರಾಕಿಯನ್ನು ಯಾವ ಅಂಗಡಿಯವನು ಬಿಟ್ಟಾನು, ಹೇಳಿ?

ತೆರಿಗೆ ಇಳಿಯಿತು, ಸೂರು ಏರಿತು

ಇದರಿಂದ ಲಾಭವಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 2012ರಲ್ಲಿ ಮನೆ ಬೆಲೆಯ ಪ್ರತಿ 100 ಡಾಲರಿಗೆ 1 ಡಾಲರ್ 23.5 ಸೆಂಟ್ ಇದ್ದ ತೆರಿಗೆ 2025ಕ್ಕೆ 80.5 ಸೆಂಟಿಗೆ ಇಳಿಯಿತು. ಏಳು ಲಕ್ಷ ಡಾಲರಿನ ಮನೆಗೆ ಹಳೆಯ ದರದಲ್ಲಿ 8,645 ಡಾಲರ್ ಕಟ್ಟಬೇಕಿತ್ತು. ಹೊಸ ದರದಲ್ಲಿ 5,635. ವರ್ಷಕ್ಕೆ ಮೂರು ಸಾವಿರ ಡಾಲರ್ ಉಳಿತಾಯ!

ಆದರೆ ಏಳು ಲಕ್ಷ ಡಾಲರಿನ ಮನೆ ಯಾರ ಹತ್ತಿರ ಇದೆ ಅನ್ನುವುದೇ ಪ್ರಶ್ನೆ. ಅಲ್ಲಿ ಈಗ ನಡುಮಟ್ಟದ ಮನೆಯ ಬೆಲೆಯೇ ಅದನ್ನು ದಾಟಿದೆ. ಡೇಟಾ ಸೆಂಟರಿಗೆ ಒಗ್ಗುವ ಜಮೀನು ಎಕರೆಗೆ 20 ಲಕ್ಷ ಡಾಲರ್ ಮೀರಿ ಮಾರಾಟವಾಗಿದೆ. ಅಷ್ಟು ಕೊಟ್ಟು ಕೊಂಡ ನೆಲದಲ್ಲಿ ಮೇಷ್ಟರ ಸಂಬಳಕ್ಕೆ ಎಟುಕುವ ಮನೆ ಯಾರು ಕಟ್ಟುತ್ತಾರೆ? ಕಿರಾಣಿ ಅಂಗಡಿಗೆ ಯಾರು ಬಾಡಿಗೆ ಹಿಡಿಯುತ್ತಾರೆ? ಅಲ್ಲಿ ಪಾಠ ಹೇಳುವ ಮೇಷ್ಟರು, ಪೊಲೀಸರು, ಅಂಗಡಿಯಲ್ಲಿ ನಿಲ್ಲುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ದೂರದ ಅಗ್ಗದ ಊರುಗಳಿಂದ ಬಂದು ಹೋಗುತ್ತಾರೆ.

ಬಸ್ಸಿನ ಮಾತನ್ನು ಬಸ್ಸಿನ ಜನಕ್ಕೆ ಹೇಳದೆ ಇರಬಾರದು. 2023ರ ಜನವರಿಯಲ್ಲಿ ಈ ಅತಿ ಶ್ರೀಮಂತ ಜಿಲ್ಲೆಯ ಬಸ್ ಚಾಲಕರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಜಗಳ ಇದ್ದದ್ದು ಸಂಬಳ ಸವಲತ್ತಿನದು, ಗುತ್ತಿಗೆ ಹಿಡಿದ ಕಂಪನಿಯ ಜೊತೆ. ಚಳಿಗಾಲದಲ್ಲಿ ವಾರಗಟ್ಟಲೆ ಬಸ್ಸು ಸರಿಯಾಗಿ ಬರಲಿಲ್ಲ. ಕಾರಿದ್ದವರು ಹೋದರು, ಇಲ್ಲದವರು ನಿಂತರು.

ಒಂದೇ ಬೆಳೆಯ ಹೊಲ

ಇನ್ನು ಕೆಲಸದ ಮಾತು. ವರ್ಜೀನಿಯಾ ಶಾಸನಸಭೆಯ ಲೆಕ್ಕ ತಪಾಸಣೆ ಆಯೋಗ 2024ರ ಡಿಸೆಂಬರಿನಲ್ಲಿ ಒಂದು ವರದಿ ಕೊಟ್ಟಿತು. ಎರಡೂವರೆ ಲಕ್ಷ ಚದರಡಿಯ ಡೇಟಾ ಸೆಂಟರ್ ಕಟ್ಟುವಾಗ ಸಾವಿರಕ್ಕೂ ಹೆಚ್ಚು ಮಂದಿಗೆ ಕೆಲಸ. ಕಟ್ಟಿ ಮುಗಿದ ಮೇಲೆ ಸುಮಾರು 50 ಮಂದಿಗೆ. ಅಷ್ಟು ದೊಡ್ಡ ಕಟ್ಟಡಕ್ಕೆ ಐವತ್ತೇ ಜನ! ಅವರಲ್ಲಿ ಎಷ್ಟು ಮಂದಿ ಎದುರಿನ ಹೋಟೆಲಿಗೆ ಕಾಫಿಗೆ ಬಂದಾರು?

ಕೌಂಟಿಯ ವರಮಾನದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಈಗ ಈ ಗೋದಾಮುಗಳದ್ದು. ಒಂದೇ ಬೆಳೆ ನೆಚ್ಚಿದ ರೈತನ ಪಾಡು ನಮಗೆ ಗೊತ್ತಿಲ್ಲವೇ? ಲೌಡನ್ನಿಗೂ ಒಮ್ಮೆ ಬಿಸಿ ಮುಟ್ಟಿತು. 2021ರಲ್ಲಿ ಡೇಟಾ ಸೆಂಟರ್ ತೆರಿಗೆ ಅಂದಾಜು ಮಾಡಿದ್ದಕ್ಕಿಂತ ಸುಮಾರು ಆರು ಕೋಟಿ ಡಾಲರ್ ಕಡಿಮೆ ಬಂತು. 2022ರ ಜುಲೈನಲ್ಲಿ ವಿದ್ಯುತ್ ಕಂಪನಿ ಇನ್ನೊಂದು ಬಾಂಬು ಹಾಕಿತು: ತಂತಿ ಸಾಲದು, ಪೂರ್ವ ಲೌಡನ್ನಿನ ಹೊಸ ಡೇಟಾ ಸೆಂಟರುಗಳಿಗೆ ಕೇಳಿದಷ್ಟು ಕರೆಂಟು ಸದ್ಯಕ್ಕೆ ಕೊಡಲಾರೆವು ಅಂತ. ಈಗ ಮನೆಗಳ ಪಕ್ಕದಲ್ಲಿ ಹೈಟೆನ್ಷನ್ ಕಂಬ ಎಲ್ಲಿ ನೆಡುವುದು ಅಂತ ಜಗಳ. ಪಶ್ಚಿಮದ ಕಡೆ ಕುದುರೆ ಲಾಯ, ದ್ರಾಕ್ಷಿ ತೋಟ ಇಟ್ಟುಕೊಂಡವರು ನಮ್ಮ ಹಳ್ಳಿ ಮುಟ್ಟಬೇಡಿ ಅಂತಾರೆ. ಆಶ್‌ಬರ್ನಿನವರು ಯಂತ್ರದ ಗುಂಯ್‌ಗುಟ್ಟುವ ಸದ್ದಿಗೆ ನಿದ್ದೆ ಬರುವುದಿಲ್ಲ ಅಂತಾರೆ.

ಕೊನೆಗೆ 2025ರ ಮಾರ್ಚಿನಲ್ಲಿ ಕೌಂಟಿ ಮಂಡಳಿ ನಿಯಮ ಬದಲಾಯಿಸಿತು. ಅಲ್ಲಿಯ ತನಕ ಕೆಲವು ವಲಯಗಳಲ್ಲಿ ಮಂಡಳಿಯನ್ನು ಕೇಳದೆಯೇ ಡೇಟಾ ಸೆಂಟರ್ ಎಬ್ಬಿಸಬಹುದಿತ್ತು. ಹೊಸದಾಗಿ ಅರ್ಜಿ ಹಾಕುವವರು ಇನ್ನು ಮಂಡಳಿಯ ಮುಂದೆ ಬರಬೇಕು, ಜನರ ಅಹವಾಲು ಕೇಳಬೇಕು.

ಅದೇ ವರ್ಷ ಹಳೆಯ ಬೆಳೆಗೂ ರೋಗ ತಗುಲಿತು. ಕೇಂದ್ರ ಸರ್ಕಾರ ನೌಕರರನ್ನು ಸಾವಿರಗಟ್ಟಲೆ ಮನೆಗೆ ಕಳಿಸಿತು, ಗುತ್ತಿಗೆಗಳನ್ನು ಕಡಿಯಿತು. ಅಕ್ಟೋಬರ್ 1ರಿಂದ ನವೆಂಬರ್ 12ರ ತನಕ 43 ದಿನ ಸರ್ಕಾರಿ ಕಚೇರಿಗಳೇ ಅರೆಬರೆ ಬಾಗಿಲು ಹಾಕಿದ್ದವು. ಸೆಪ್ಟೆಂಬರಿನಲ್ಲಿ, ಹೊರಗಿನಿಂದ ಹೊಸದಾಗಿ ಕರೆಸಿಕೊಳ್ಳುವ ಎಚ್-1ಬಿ ಕೆಲಸಗಾರನಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಅಧ್ಯಕ್ಷರ ಆಜ್ಞೆ ಹೊರಟಿತು. ಜಿಲ್ಲೆಯನ್ನು ಶ್ರೀಮಂತ ಮಾಡಿದ ಜನರೇ, ಅದರಲ್ಲಿ ನಮ್ಮವರೂ ಸೇರಿ, ಮನೆ ಸಾಲದ ಕಂತು ಎಣಿಸುತ್ತ ಕೂತರು.

ಒಂದು ಜಿಲ್ಲೆ ಹಾಲು ಬಿಟ್ಟು ಸೈಟು ಹಿಡಿಯಿತು, ಸೈಟು ಸಾಲದೆ ಯಂತ್ರ ಹಿಡಿಯಿತು. ಮೊದಲ ಬದಲಾವಣೆ ಜನರನ್ನು ತಂದಿತು. ಬೇರೆ ಬೇರೆ ನೆಲದವರು ಬಂದು ಶಾಲೆ ತುಂಬಿದರು, ಅಂಗಡಿ ತೆರೆದರು, ಹಳೆಯ ಕೊಳಕನ್ನು ತೊಳೆದರು. ಎರಡನೆಯ ಬದಲಾವಣೆ ತೆರಿಗೆ ತಂದಿತು, ಆದರೆ ಜೊತೆಗೆ ಗಿರಾಕಿಯನ್ನು ತರಲಿಲ್ಲ. ಜನ ಬಂದರೆ ಖರ್ಚು, ಯಂತ್ರ ಬಂದರೆ ಲಾಭ ಅನ್ನುವ ಲೆಕ್ಕ ಕೌಂಟಿಯ ಖಾತೆಯಲ್ಲಿ ಸರಿಯಾಗಿಯೇ ಇದೆ. ಅಂಗಡಿಯವನ ಖಾತೆಯಲ್ಲಿ ಮಾತ್ರ ಅದು ಕೂಡುವುದಿಲ್ಲ. ಯಾಕೆಂದರೆ ಯಂತ್ರ ಅಕ್ಕಿ ಕೊಳ್ಳುವುದಿಲ್ಲ, ಬಸ್ ಟಿಕೆಟ್ಟೂ ತಗೊಳ್ಳುವುದಿಲ್ಲ. ಊರಿಗೆ ದೊಡ್ಡ ಯೋಜನೆ ಬರುತ್ತದೆ ಅಂತ ಯಾರಾದರೂ ಹೇಳಿದಾಗ ಕೇಳಬೇಕಾದ ಪ್ರಶ್ನೆ ಎಷ್ಟು ಕೋಟಿ ಅಂತ ಅಲ್ಲ. ಎಷ್ಟು ಜನ, ಅವರು ಎಲ್ಲಿರುತ್ತಾರೆ ಅಂತ.