ಚಳಿಗಾಲದ ಮಾಲ್ಟಾ: ಅಗ್ಗದ ಬಿಲ್ಲಿನಲ್ಲಿ ಕಾಣದ ಖರ್ಚು

ಕಳೆದ ಚಳಿಗಾಲ ಅಪ್ಪ, ಅವ್ವ ಕಲಬುರಗಿಯಿಂದ ಮ್ಯೂನಿಕ್‌ಗೆ ಬಂದಿದ್ದರು. ಜನವರಿಯಲ್ಲಿ ಟಿಕೆಟ್ ಅಗ್ಗ ಎಂಬ ಒಂದೇ ಕಾರಣಕ್ಕೆ ಆ ತಿಂಗಳನ್ನು ಆರಿಸಿದವನು ನಾನು. ವೃತ್ತಿಯಲ್ಲಿ ಲೆಕ್ಕಪರಿಶೋಧಕ, ಕಲಬುರಗಿಯಲ್ಲಿ ಬಿ.ಕಾಂ., ಬೆಂಗಳೂರಿನಲ್ಲಿ ಸಿ.ಎ. ಮುಗಿಸಿ ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಬೆಲೆ ನೋಡಿ ನಿರ್ಧಾರ ಮಾಡುವುದು ರಕ್ತಗತವಾಗಿಬಿಟ್ಟಿದೆ.

ಆದರೆ ಜನವರಿ ಎಂದರೆ ನಮ್ಮ ಕಚೇರಿಯಲ್ಲಿ ವರ್ಷದ ಲೆಕ್ಕ ಮುಗಿಸುವ ತಿಂಗಳು. ನಾನು ಮನೆಗೆ ಬರುವಾಗ ರಾತ್ರಿ ಎಂಟು. ಹೆಂಡತಿಗೂ ಕೆಲಸ, ಮಗಳಿಗೆ ಶಾಲೆ. ಸಂಜೆ ಐದಕ್ಕೆಲ್ಲ ಕತ್ತಲು. ಹೊರಗೆ ಹಿಮ ಬಿದ್ದು ಗಟ್ಟಿಯಾಗಿರುತ್ತಿದ್ದರಿಂದ, ಜಾರಿ ಬೀಳುವ ಭಯಕ್ಕೆ ಅವ್ವ ಬಾಗಿಲ ಹೊರಗೆ ಕಾಲಿಡಲಿಲ್ಲ. ಅಪ್ಪ ಎಪ್ಪತ್ಮೂರು ವರ್ಷದವರು, ದಿನವೂ ಹೊಲಕ್ಕೆ ಹೋಗಿ ತೊಗರಿ ನೋಡಿ ಬಂದ ಜೀವ. ಇಡೀ ದಿನ ಕಿಟಕಿಯ ಪಕ್ಕ ಕೂತಿರುತ್ತಿದ್ದರು.

ಎರಡನೇ ವಾರ ಅವರೇ ಬಾಯಿ ಬಿಟ್ಟರು. "ತಮ್ಮಾ, ಇಲ್ಲಿ ಸೂರ್ಯನೂ ರಜಾ ಹಾಕ್ಯಾನೇನು? ನಮ್ಮ ಟಿಕೇಟು ಹಿಂದ ಮಾಡಿಸು. ಊರಿಗಿ ಹೋಗ್ತೀವಿ."

ಮೂರು ವರ್ಷ ಕರೆದ ಮೇಲೆ ಬಂದವರು. ಮುಂದಿನ ಸಲ ಬರುತ್ತಾರೆ ಎಂದು ಹೇಳಲು ಯಾರಿಗೂ ಧೈರ್ಯವಿಲ್ಲ. ಅಂದು ರಾತ್ರಿಯೇ ಬಿಸಿಲಿರುವ ಊರು ಹುಡುಕಲು ಕೂತೆ. ಬವೇರಿಯಾದ ಶಾಲೆಗಳಿಗೆ ಫೆಬ್ರವರಿಯಲ್ಲಿ ಒಂದು ವಾರ ರಜೆ ಇರುತ್ತದೆ. ಅಷ್ಟರಲ್ಲಿ ನನ್ನ ಲೆಕ್ಕದ ಕೆಲಸವೂ ಹಗುರಾಗುತ್ತದೆ.

ದ್ವೀಪ ಆರಿಸಿದ್ದು ವೀಸಾ ನೋಡಿ

ಮೊದಲು ಕಣ್ಣಿಗೆ ಬಿದ್ದದ್ದು ಸೈಪ್ರಸ್. ಮೆಡಿಟರೇನಿಯನ್‌ನಲ್ಲಿ ಅದಕ್ಕಿಂತ ಬೆಚ್ಚಗಿನ ಚಳಿಗಾಲ ಸಿಗುವುದು ಕಷ್ಟ. ಆದರೆ ನಾವು ನೋಡಿದಾಗ ಅದು ಷೆಂಗೆನ್ ವಲಯದೊಳಗೆ ಇರಲಿಲ್ಲ. ಅಪ್ಪ, ಅವ್ವನ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಒಂದೇ ಪ್ರವೇಶದ ವೀಸಾ. ಸೈಪ್ರಸ್‌ಗೆ ಹೋದರೆ ಷೆಂಗೆನ್‌ನಿಂದ ಹೊರಗೆ ಹೋದಂತೆ. ಮತ್ತೆ ಮ್ಯೂನಿಕ್‌ಗೆ ಬರುವಂತಿಲ್ಲ. ಅಪ್ಪ, ಅಮ್ಮನನ್ನು ಕರೆಸಿಕೊಂಡು ಪ್ರವಾಸ ಯೋಚಿಸುವವರು ಈ ಒಂದು ಸಾಲನ್ನು ವೀಸಾ ಚೀಟಿಯಲ್ಲಿ ಮೊದಲು ಓದಿಕೊಳ್ಳಬೇಕು.

ಸ್ಪೇನಿನ ಮಾಯೋರ್ಕಾ, ಗ್ರೀಸಿನ ಕ್ರೀಟ್ ಎರಡೂ ಷೆಂಗೆನ್ ಒಳಗಿವೆ. ಆದರೆ ಅಲ್ಲಿ ಕಡಲ ತೀರದ ಎಷ್ಟೋ ಹೋಟೆಲ್‌ಗಳು ನವೆಂಬರ್‌ನಲ್ಲಿ ಬಾಗಿಲು ಹಾಕಿದರೆ ವಸಂತಕ್ಕೇ ತೆರೆಯುವುದು. ಖಾಲಿ ಬೀದಿಯಲ್ಲಿ ವಯಸ್ಸಾದವರನ್ನು ಕೂರಿಸಿ ಏನು ತೋರಿಸುವುದು?

ಕೊನೆಗೆ ಉಳಿದದ್ದು ಮಾಲ್ಟಾ. 2007ರ ಡಿಸೆಂಬರ್‌ನಿಂದ ಷೆಂಗೆನ್‌ನಲ್ಲಿದೆ, 2008ರಿಂದ ಯೂರೊ. ಮುಖ್ಯ ದ್ವೀಪದ ಉದ್ದ ಸುಮಾರು 27 ಕಿಲೋಮೀಟರ್ ಅಷ್ಟೇ. ಕಲಬುರಗಿಯಿಂದ ಶಹಾಬಾದ್‌ಗೆ ಹೋದಷ್ಟು. ಜನ ವರ್ಷವಿಡೀ ಅಲ್ಲೇ ಬದುಕುವುದರಿಂದ ಅಂಗಡಿ, ಬಸ್ಸು, ಔಷಧದ ಮಳಿಗೆ ಯಾವುದೂ ಚಳಿಗಾಲಕ್ಕೆ ಮುಚ್ಚುವುದಿಲ್ಲ. ಮಾಲ್ಟೀಸ್ ಜೊತೆಗೆ ಇಂಗ್ಲಿಷ್ ಕೂಡ ಅಧಿಕೃತ ಭಾಷೆ. ಮ್ಯೂನಿಕ್‌ನಿಂದ ವಿಮಾನದಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದು. ಫೆಬ್ರವರಿಯಲ್ಲಿ ಹಗಲಿನ ಉಷ್ಣಾಂಶ 15–16 ಡಿಗ್ರಿ, ರಾತ್ರಿ 9–10. ಸಮುದ್ರದಲ್ಲಿ ಈಜುವಂತಿಲ್ಲ, ಆದರೆ ದಡದಲ್ಲಿ ಬಿಸಿಲು ಕಾಯಿಸಬಹುದು. ನಮಗೆ ಬೇಕಾದದ್ದೂ ಅಷ್ಟೇ.

ಕಲ್ಲಿನ ಮನೆಯ ಪಾಠ

ತಪ್ಪು ಮಾಡಿದ್ದು ಮನೆ ಆರಿಸುವಾಗ. ರಾಜಧಾನಿ ವಲೆಟ್ಟಾದ ಹಳೆಯ ಭಾಗದಲ್ಲಿ ಐದು ಜನಕ್ಕೆ ಒಂದು ಇಡೀ ಮನೆ, ರಾತ್ರಿಗೆ 60 ಯೂರೊ. ಏಳು ರಾತ್ರಿಗೆ 420. ಲಿಫ್ಟ್ ಇರುವ ಹೋಟೆಲಿನ ಎರಡು ಕೋಣೆಗೆ ದಿನಕ್ಕೆ 110 ಯೂರೊ ಕೇಳಿದ್ದರು, ಅಂದರೆ 770. 350 ಯೂರೊ ಉಳಿಯಿತು ಎಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿ, ಹಣ ಹಿಂತಿರುಗದ ದರದಲ್ಲಿ ಮನೆ ಕಾಯ್ದಿರಿಸಿದೆ.

ಮನೆ ಫೋಟೊದಲ್ಲಿದ್ದಷ್ಟೇ ಚೆಂದ. ಜೇನಿನ ಬಣ್ಣದ ಸುಣ್ಣಕಲ್ಲು, ದಪ್ಪ ಗೋಡೆ, ಎತ್ತರದ ಚಾವಣಿ, ಬಣ್ಣದ ಮರದ ಬಾಲ್ಕನಿ. ಅಪ್ಪ ಒಳಗೆ ಕಾಲಿಟ್ಟವರೇ ಗೋಡೆಯ ಮೇಲೆ ಅಂಗೈ ಇಟ್ಟರು. "ಇದು ನಮ್ಮ ಶಹಾಬಾದ್ ಕಲ್ಲಿನ ಮನಿ ಇದ್ದಂಗ ಅದ. ಬ್ಯಾಸಗಿಗಿ ಛಲೋ. ಥಂಡಿಗಿ ಅಲ್ಲ."

ಲೆಕ್ಕ ಕಲಿತ ನನಗೆ ಹೊಳೆಯದ್ದು ಕಲ್ಲಿನ ಮನೆಯಲ್ಲಿ ಬೆಳೆದ ಅವರಿಗೆ ಒಂದು ನಿಮಿಷದಲ್ಲಿ ತಿಳಿಯಿತು. ಮಾಲ್ಟಾದ ಹಳೆಯ ಮನೆಗಳನ್ನು ಕಟ್ಟಿರುವುದು ಬೇಸಿಗೆಯ ಬಿಸಿಲು ತಡೆಯುವುದಕ್ಕೆ. ಜರ್ಮನಿಯ ಮನೆಗಳಲ್ಲಿರುವಂತೆ ಇಡೀ ಮನೆ ಬೆಚ್ಚಗಿಡುವ ಕೊಳವೆಗಳು ಅಲ್ಲಿ ಸಾಮಾನ್ಯವಲ್ಲ, ಎ.ಸಿ.ಯನ್ನೇ ಬಿಸಿಗಾಳಿಗೆ ತಿರುಗಿಸಿಕೊಳ್ಳಬೇಕು. ಮಳೆಗಾಲ ಇರುವುದೂ ಚಳಿಗಾಲದಲ್ಲೇ. ಸುಣ್ಣಕಲ್ಲು ತೇವ ಹೀರಿಕೊಂಡು ಹಾಸಿಗೆಯೂ ತಣ್ಣಗೆ ಒದ್ದೆಯಾದಂತೆ ಅನಿಸುತ್ತದೆ. ಹೊರಗೆ ಬಿಸಿಲಿನಲ್ಲಿ ಅಂಗಿ ಸಾಕು, ಒಳಗೆ ಬಂದರೆ ಸ್ವೆಟರ್ ಬೇಕು. ಮಲಗುವ ಕೋಣೆ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಕಡಿದು. ಅವ್ವನ ಮೊಣಕಾಲು ಮೊದಲ ರಾತ್ರಿಯೇ ಹಿಡಿದುಕೊಂಡಿತು. ಮೂರನೇ ಬೆಳಿಗ್ಗೆ ಕೆಮ್ಮು, ಮೈ ಬಿಸಿ.

ಅವತ್ತು ಮಧ್ಯಾಹ್ನವೇ ಮೊದಲು ಬೇಡವೆಂದ ಅದೇ ಹೋಟೆಲಿಗೆ ಹೋದೆವು. ನಾಲ್ಕು ರಾತ್ರಿಗೆ 440 ಯೂರೊ. ಬಿಟ್ಟುಬಂದ ಮನೆಯ ಹಣ ಬರಲಿಲ್ಲ. ಕರೆಂಟು ಬೇರೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರಂತೆ, ಅದಕ್ಕೆ 34. ಒಟ್ಟು 894. ಮೊದಲೇ ಹೋಟೆಲ್ ಹಿಡಿದಿದ್ದರೆ 770. ಉಳಿಸಲು ಹೋಗಿ 124 ಯೂರೊ ಹೆಚ್ಚು ಕೊಟ್ಟು, ಅವ್ವನಿಗೆ ಜ್ವರವನ್ನೂ ತಂದೆ.

ದಕ್ಷಿಣಕ್ಕೆ ಮುಖ ಮಾಡಿದ ಕೋಣೆ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿಲು. ಅವ್ವ ಒಂದೂವರೆ ದಿನದಲ್ಲಿ ಎದ್ದು ಕೂತರು. ಸೀಸನ್ ಅಲ್ಲದ ಕಾಲದಲ್ಲಿ ಬೆಲೆ ಸುಮ್ಮನೆ ಇಳಿಯುವುದಿಲ್ಲ ಎಂಬುದು ನನಗೆ ಅರ್ಥವಾದದ್ದು ಆಗ. ಅಲ್ಲಿ ಏನೋ ಒಂದು ಇಲ್ಲ ಎಂದೇ ಬೆಲೆ ಇಳಿದಿರುತ್ತದೆ: ಬೆಚ್ಚಗಿನ ಕೋಣೆ, ಶಾಂತ ಸಮುದ್ರ, ಉದ್ದನೆಯ ಹಗಲು. ಯಾವುದಿಲ್ಲ ಎಂದು ಮೊದಲೇ ತಿಳಿದುಕೊಂಡು, ಉಳಿದ ಹಣದಲ್ಲಿ ಸ್ವಲ್ಪವನ್ನು ಅದಕ್ಕೇ ಖರ್ಚು ಮಾಡಿದರೆ ಮಾತ್ರ ಅದು ಉಳಿತಾಯ.

ಗಾಳಿಗೆ ಒಂದು ದಿನ ಬಿಡಿ

ಪಕ್ಕದ ಗೋಝೊ ದ್ವೀಪಕ್ಕೆ ಹೋಗಲು ಎರಡು ದಾರಿ. ವಲೆಟ್ಟಾದಿಂದ ವೇಗದ ದೋಣಿ, ಮುಕ್ಕಾಲು ಗಂಟೆ. ಇಲ್ಲವೇ ಉತ್ತರದ ತುದಿಯ ಚಿರ್ಕೆವ್ವಾವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಕಾರುಗಳನ್ನೂ ಒಯ್ಯುವ ದೊಡ್ಡ ಹಡಗು, ಸುಮಾರು 25 ನಿಮಿಷ. ನಾವು ಬುಧವಾರಕ್ಕೆ ವೇಗದ ದೋಣಿ ಎಂದುಕೊಂಡಿದ್ದೆವು. ಆ ಬೆಳಿಗ್ಗೆ ಬೀಸಿದ ಈಶಾನ್ಯದ ಗಾಳಿಗೆ ಅದು ರದ್ದಾಯಿತು. ಈ ಗಾಳಿಗೆ ಅಲ್ಲಿ ಗ್ರಿಗಾಲ್ ಎಂದು ಹೆಸರೇ ಇದೆ.

ನಾವು ಗುರುವಾರವನ್ನು ಖಾಲಿ ಬಿಟ್ಟಿದ್ದೆವು. ಹಾಗಾಗಿ ಬುಧವಾರ ಊರಿನಲ್ಲೇ ಸುತ್ತಿ, ಗಾಳಿ ತಗ್ಗಿದ ಮರುದಿನ ದೊಡ್ಡ ಹಡಗಿನಲ್ಲಿ ಹೋದೆವು. ಹೋಗುವಾಗ ಯಾರೂ ಟಿಕೆಟ್ ಕೇಳಲಿಲ್ಲ. ಗೋಝೊದಿಂದ ಹಿಂದಿರುಗುವಾಗ ಮಾತ್ರ ಹಣ ಕೊಡುವುದು ಅಲ್ಲಿನ ಪದ್ಧತಿ. ನನ್ನ ಸಲಹೆ ಇಷ್ಟೇ: ದೋಣಿಯ ಪ್ರವಾಸವನ್ನು ವಿಮಾನದ ಹಿಂದಿನ ದಿನ ಇಡಬೇಡಿ, ವಾರದ ಆರಂಭದಲ್ಲೇ ಇಟ್ಟುಕೊಳ್ಳಿ.

ಗೋಝೊದಲ್ಲಿ ಎಲ್ಲರೂ ಫೋಟೊದಲ್ಲಿ ನೋಡಿರುವ ಕಲ್ಲಿನ ಕಮಾನು ಈಗ ಇಲ್ಲ. ಅಜೂರ್ ವಿಂಡೊ ಎನ್ನುತ್ತಿದ್ದ ಅದು 2017ರ ಮಾರ್ಚ್‌ನ ಬಿರುಗಾಳಿಯಲ್ಲಿ ಕುಸಿದು ಸಮುದ್ರ ಸೇರಿತು. ನಾವು ಹೋದದ್ದು ಜ್ಗಂತಿಯಾ ದೇಗುಲಗಳಿಗೆ. ಕ್ರಿ.ಪೂ. 3600ರ ಸುಮಾರಿನವು; ಈಜಿಪ್ಟಿನ ಪಿರಮಿಡ್‌ಗಳಿಗಿಂತ ಹಳೆಯವು. ಆಳೆತ್ತರ ಮೀರಿದ ಬಂಡೆಗಳನ್ನು ನಿಲ್ಲಿಸಿ ಕಟ್ಟಿದ್ದನ್ನು ನೋಡಿ ಅಪ್ಪನಿಗೆ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳು ನೆನಪಾದವು. ಕಾಲ ಬೇರೆ, ಕಟ್ಟಿದವರು ಬೇರೆ. "ಕಲ್ಲ ಎತ್ತೋ ಕಷ್ಟ ಒಂದೇ" ಎಂದರು.

ದಾರಿಯುದ್ದಕ್ಕೂ ಹೊಲ ಹಸಿರಾಗಿತ್ತು. ಬೇಸಿಗೆಯಲ್ಲಿ ಬರುವವರಿಗೆ ಈ ದ್ವೀಪ ಕಾಣುವುದು ಒಣಗಿದ ಕಂದು ಬಣ್ಣದಲ್ಲಿ. ಚಳಿಗಾಲದ ಮಳೆಗೆ ಮಾತ್ರ ಹಳದಿ ಹೂ ಹರಡಿ, ಬಾದಾಮಿ ಗಿಡ ಅರಳಿ, ಒಣಕಲ್ಲಿನ ಬದುಗಳ ನಡುವೆ ಆಲೂಗಡ್ಡೆ, ಅಗಲ ಅವರೆಯಂಥ ಬೆಳೆ ನಿಲ್ಲುತ್ತವೆ. ಅಪ್ಪ ಬಸ್ಸಿನ ಕಿಟಕಿಗೆ ಮುಖ ಒತ್ತಿಕೊಂಡು "ಇವರದೂ ಹಿಂಗಾರಿ" ಎಂದರು. ಒಂದು ತಿಂಗಳಲ್ಲಿ ಅವರ ಮುಖ ಅಷ್ಟು ಅರಳಿದ್ದು ಅದೇ ಮೊದಲು.

ಮೊಮ್ಮಗಳ ಪಟ್ಟಿ

ಮಾಲ್ಟೀಸ್ ಭಾಷೆಯ ಮೂಲ ಅರಬಿ, ಬರೆಯುವುದು ರೋಮನ್ ಲಿಪಿಯಲ್ಲಿ. ಕಲಬುರಗಿಯ ಬಜಾರಿನಲ್ಲಿ ಉರ್ದು ಕೇಳಿ ಬೆಳೆದ ಅಪ್ಪನಿಗೆ ಅದು ಪೂರ್ತಿ ಹೊಸದೆನಿಸಲಿಲ್ಲ. ಪುಸ್ತಕಕ್ಕೆ ಅವರು 'ಕ್ತೀಬ್' ಎನ್ನುತ್ತಾರೆ, ನಮ್ಮ ಕಿತಾಬು. ಲೋಕಕ್ಕೆ 'ದಿನ್ಯಾ', ನಮ್ಮ ದುನಿಯಾ. ಒಂಬತ್ತು ವರ್ಷದ ಮಗಳು ಒಂದು ಪುಸ್ತಕ ಹಿಡಿದು ಪಟ್ಟಿ ಮಾಡತೊಡಗಿದಳು: ಮಾಲ್ಟೀಸ್, ಅಜ್ಜನ ಕನ್ನಡ, ಜರ್ಮನ್. ಮ್ಯೂನಿಕ್‌ನಲ್ಲಿ "ಊಟ ಆಯ್ತೇನು" ಎಂಬುದರ ಆಚೆ ಹೋಗದ ಅವರಿಬ್ಬರ ಮಾತು ಬಸ್ ನಿಲ್ದಾಣಗಳಲ್ಲಿ ಗಂಟೆಗಟ್ಟಲೆ ನಡೆಯಿತು.

ಊಟಕ್ಕೆ ನಾವು ಒಯ್ದಿದ್ದು ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಅಗಲ ಅವರೆಕಾಳು, ಬೆಳ್ಳುಳ್ಳಿ ಅರೆದು ಮಾಡುವ ಬಿಗಿಲ್ಲಾ ಎಂಬ ಚಟ್ನಿ ರೊಟ್ಟಿಗೆ ಚೆನ್ನಾಗಿ ಹೊಂದಿತು. ಬದನೆಕಾಯಿ, ಟೊಮೆಟೊದ ಕಪುನಾಟಾ ಅವ್ವನಿಗೂ ಹಿಡಿಸಿತು. ಬೀದಿಬೀದಿಯಲ್ಲಿ ಸಿಗುವ ಪಸ್ತಿಝಿ ಎಂಬ ಪದರು ಕಡುಬಿನಲ್ಲಿ ಬಟಾಣಿ ಅಥವಾ ಗಿಣ್ಣಿನ ಹೂರಣ ಇರುತ್ತದೆ. ಆದರೆ ಹಿಟ್ಟಿಗೆ ಕೆಲವು ಕಡೆ ಹಂದಿ ಕೊಬ್ಬು ಹಾಕುವುದರಿಂದ ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು.

ಹೊರಡುವ ಮುನ್ನ

ವಯಸ್ಸಾದವರ ಜೊತೆ ಹೋಗುವವರಿಗೆ ನಾವು ಕಲಿತ ಇನ್ನಷ್ಟು ಸಂಗತಿಗಳು:

ಷೆಂಗೆನ್ ಒಳಗಿನ ವಿಮಾನವಾದರೂ ಪಾಸ್‌ಪೋರ್ಟ್, ನಿವಾಸ ಪರವಾನಗಿಯ ಮೂಲ ಪ್ರತಿ ಜೊತೆಗಿರಲಿ. ಅಪ್ಪ, ಅಮ್ಮನ ವೀಸಾದಲ್ಲಿ ಬರೆದ ದಿನಗಳಲ್ಲಿ ಪ್ರವಾಸದ ದಿನಗಳೂ ಸೇರುತ್ತವೆ. ವೀಸಾಕ್ಕೆ ಮಾಡಿಸುವ ಕನಿಷ್ಠ 30,000 ಯೂರೊ ಆರೋಗ್ಯ ವಿಮೆ ಇಡೀ ಷೆಂಗೆನ್‌ಗೆ ಅನ್ವಯಿಸುತ್ತದೆ. ಆದರೆ ಹಳೆಯ ಕಾಯಿಲೆಗಳನ್ನು ಎಷ್ಟೋ ವಿಮೆಗಳು ಸೇರಿಸಿಕೊಳ್ಳುವುದಿಲ್ಲ. ಬಿ.ಪಿ., ಶುಗರ್ ಮಾತ್ರೆ, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ.

ಯುರೋಪಿನ ವಿಮಾನ ನಿಲ್ದಾಣಗಳಲ್ಲಿ ಗಾಲಿಕುರ್ಚಿಯ ನೆರವಿಗೆ ಹಣ ಕೊಡಬೇಕಿಲ್ಲ. 48 ಗಂಟೆ ಮೊದಲೇ ವಿಮಾನ ಸಂಸ್ಥೆಗೆ ತಿಳಿಸಬೇಕು, ಅಷ್ಟೇ. "ನನಗ್ಯಾಕ ಅದು" ಎಂದು ಅವರು ಹೇಳಿದರೂ ಕೇಳಿಕೊಳ್ಳಿ.

ಮನೆ ಅಥವಾ ಹೋಟೆಲ್ ಹಿಡಿಯುವ ಮುನ್ನ ನಾಲ್ಕು ಪ್ರಶ್ನೆ: ಮಲಗುವ ಕೋಣೆಯಲ್ಲಿ ಬಿಸಿಗಾಳಿ ಇದೆಯೇ, ಕರೆಂಟಿನ ಖರ್ಚು ಸೇರಿದೆಯೇ, ಲಿಫ್ಟ್ ಇದೆಯೇ, ಕಿಟಕಿ ಯಾವ ದಿಕ್ಕಿಗೆ.

ನೆಲದಡಿ ಬಂಡೆ ಕೊರೆದು ಮಾಡಿದ ಹಾಲ್ ಸಫ್ಲಿಯೆನಿಯ ಹೈಪೊಜಿಯಮ್‌ಗೆ ದಿನಕ್ಕೆ 80 ಜನರನ್ನಷ್ಟೇ ಬಿಡುತ್ತಾರೆ. ಸೀಸನ್ ಅಲ್ಲ ಎಂದು ನಂಬಿ ಹೋದರೆ ನಿರಾಸೆಯೇ. ವಾರಗಳ ಮೊದಲೇ ಕಾಯ್ದಿರಿಸಬೇಕು. ಕಾರಾವಾಜಿಯೋ 1608ರಲ್ಲಿ ಬಿಡಿಸಿದ ದೊಡ್ಡ ಚಿತ್ರವಿರುವ ಸೇಂಟ್ ಜಾನ್ ಚರ್ಚ್ ಭಾನುವಾರ ಪ್ರವಾಸಿಗರಿಗೆ ತೆರೆದಿರುವುದಿಲ್ಲ. ಬಂದರಿನಿಂದ ಮೇಲಿನ ಬರಾಕ್ಕಾ ಉದ್ಯಾನಕ್ಕೆ ಲಿಫ್ಟ್ ಇದೆ, ಮೊಣಕಾಲು ನೋವಿನವರಿಗೆ ಅದು ವರ. ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ತೋಪು ಹಾರಿಸುತ್ತಾರೆ.

ಬವೇರಿಯಾದ ರಜೆಯ ವಾರವೇ ಮಾಲ್ಟಾದ ಕಾರ್ನಿವಲ್ ಕೂಡ. ಆ ನಾಲ್ಕೈದು ದಿನ, ಅದರಲ್ಲೂ ಗೋಝೊದ ನದೂರ್ ಊರಿನಲ್ಲಿ, ಜನಸಂದಣಿ ಹೆಚ್ಚು. ನೋಡಬೇಕೆಂದರೆ ಮೊದಲೇ ಕೋಣೆ ಹಿಡಿಯಿರಿ, ಬೇಡವೆಂದರೆ ವಾರದ ಕೊನೆಗೆ ಹೋಗಿ.

ಫೆಬ್ರವರಿ 10 ಅಲ್ಲಿ ಸಾರ್ವಜನಿಕ ರಜೆ. ಸಂತ ಪೌಲನ ಹಡಗು ಇದೇ ದ್ವೀಪದ ಬಳಿ ಒಡೆದದ್ದರ ನೆನಪಿನ ಹಬ್ಬ. ಮಳೆ, ಚಳಿಯಲ್ಲಿ ನಡುಗುತ್ತ ದಡ ಸೇರಿದವರಿಗೆ ದ್ವೀಪದ ಜನ ಮೊದಲು ಮಾಡಿದ ಉಪಚಾರ ಬೆಂಕಿ ಹಾಕಿದ್ದು ಎಂದು ಬೈಬಲ್ ಹೇಳುತ್ತದೆ. ಹೋಟೆಲಿನ ಸ್ವಾಗತಕಾರರಿಂದ ಈ ಕಥೆ ಕೇಳಿದ ಅವ್ವ ನನ್ನ ಕಡೆ ನೋಡಿ, "ಅವರಿಗಿ ತಿಳೀತು, ನಿನಗ ತಿಳೀಲಿಲ್ಲ" ಎಂದು ನಕ್ಕರು. ಆ ನಗುವಿನ ಮುಂದೆ 124 ಯೂರೊ ಹೆಚ್ಚಲ್ಲ ಎನಿಸಿತು.

ಮ್ಯೂನಿಕ್‌ಗೆ ಮರಳಿದ ಮೇಲೂ ಹಿಮ ಇತ್ತು, ಕತ್ತಲೆಯೂ ಇತ್ತು. ಆದರೆ ಅಪ್ಪ ಟಿಕೆಟಿನ ಮಾತು ಎತ್ತಲಿಲ್ಲ. ಮಾರ್ಚ್ ಕೊನೆಯವರೆಗೆ ಇದ್ದು ಹೋದರು. ಈಗ ಭಾನುವಾರ ಕಲಬುರಗಿಯಿಂದ ಫೋನ್ ಮಾಡಿದಾಗ ಮೊದಲು ಮೊಮ್ಮಗಳನ್ನು ಕೇಳುತ್ತಾರೆ. ಅವಳು ಮಾಲ್ಟಾದ ಹವಾಮಾನ ನೋಡಿ ಇಟ್ಟುಕೊಂಡಿರುತ್ತಾಳೆ. ಅಜ್ಜನ ಪ್ರಶ್ನೆ ಬದಲಾಗಿಲ್ಲ: "ಏನವ್ವಾ, ಗಾಳಿ ಹ್ಯಾಂಗದ? ಇವತ್ತ ಆ ಹಡಗ ಬಿಟ್ಟಾರೇನು?"