ಚಕ್ರದ ರಬ್ಬರೂ ಪಂದ್ಯದ ನ್ಯಾಯವೂ

ಮೋಟಾರು ಪಂದ್ಯಗಳಲ್ಲಿ ಜಯಾಪಜಯಗಳು ಚಾಲಕನ ಧೈರ್ಯದಿಂದಲೂ ಯಂತ್ರದ ಸಾಮರ್ಥ್ಯದಿಂದಲೂ ನಿರ್ಧರಿತವಾಗುವುವೆಂದು ಜನಸಾಮಾನ್ಯರು ಭಾವಿಸಿರುವರು. ಈ ಭಾವನೆಯು ಅರ್ಧಸತ್ಯ ಮಾತ್ರ. ಗಂಟೆಗೆ 300 ಕಿಲೋಮೀಟರುಗಳ ವೇಗದಲ್ಲಿ ಧಾವಿಸುವ ವಾಹನಕ್ಕೂ ಭೂಮಿಗೂ ಇರುವ ಸಂಬಂಧವೆಲ್ಲವೂ ಚಕ್ರಗಳ ಅಡಿಯಲ್ಲಿ ನೆಲವನ್ನು ಮುಟ್ಟುವ ಒಂದಿಷ್ಟು ರಬ್ಬರಿನ ಮೂಲಕವೇ ನಡೆಯತಕ್ಕದ್ದು. ಆ ರಬ್ಬರನ್ನು ಒದಗಿಸುವ ಕಂಪೆನಿಗಳು ಪರಸ್ಪರ ಹೋರಾಡಿದಾಗ ಪಂದ್ಯಕ್ಕೆ ಲಾಭವೇ, ನಷ್ಟವೇ? ದಿನಪತ್ರಿಕೆಯ ಸಂಪಾದಕೀಯ ಪುಟದಲ್ಲಿ ಇಂತಹ ವಿಷಯಕ್ಕೇಕೆ ಸ್ಥಳವೆಂದು ಕೆಲವು ವಾಚಕರು ಹುಬ್ಬೇರಿಸಬಹುದು. ಭಾರತೀಯನೊಬ್ಬನ ಕೀರ್ತಿಯು ಈ ಪ್ರಶ್ನೆಯೊಡನೆ ಹೆಣೆದುಕೊಂಡಿರುವುದೆಂಬುದೇ ನಮ್ಮ ಉತ್ತರ.

ಟೈರಿನ ಮರ್ಮವನ್ನು ತಿಳಿಯದೆ ವಿಚಾರವು ಮುಂದೆ ಸಾಗದು. ಮೃದುವಾದ ರಬ್ಬರು ನೆಲವನ್ನು ಬಿಗಿಯಾಗಿ ಹಿಡಿಯುವುದು, ಆದರೆ ಬೇಗನೆ ಸವೆಯುವುದು. ಗಡುಸಾದುದು ಬಾಳುವುದು, ಆದರೆ ಜಾರುವುದು. ಟೈರನ್ನು ಒಬ್ಬನೇ ಒದಗಿಸುತ್ತಿದ್ದರೆ ಆತನು ಸವೆತಕ್ಕೂ ವೇಗಕ್ಕೂ ನಡುವೆ ನೆಮ್ಮದಿಯ ಒಂದು ಮಧ್ಯಮಾರ್ಗವನ್ನು ಹಿಡಿಯುವನು. ಇಬ್ಬರಾದರೋ, ಎದುರಾಳಿಯು ಎಲ್ಲಿಯವರೆಗೆ ಹೋಗಿರುವನೋ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಲೇಬೇಕು. ಸುರಕ್ಷತೆಗೆಂದು ಬಿಟ್ಟಿರುವ ಅಂಚು ಹೀಗೆ ಪ್ರತಿ ಪಂದ್ಯಕ್ಕೂ ತೆಳುವಾಗುತ್ತಾ ಬರುವುದು. 1997ರಲ್ಲಿ ಜಪಾನಿನ ಬ್ರಿಜ್‌ಸ್ಟೋನ್ ಕಂಪೆನಿಯು ಅಮೆರಿಕದ ಗುಡ್‌ಇಯರ್‌ಗೆ ಎದುರಾಗಿ ಫಾರ್ಮುಲಾ ಒನ್ ಕಣಕ್ಕಿಳಿಯಿತು. ಮರು ವರ್ಷವೇ ವೇಗವನ್ನು ತಗ್ಗಿಸುವುದಕ್ಕಾಗಿ ಟೈರುಗಳಲ್ಲಿ ಗಾಡಿಗಳನ್ನು ಕೊರೆಯಬೇಕೆಂಬ ನಿಯಮವು ಜಾರಿಗೆ ಬಂದಿತು. 1998ರ ಅಂತ್ಯದಲ್ಲಿ ಗುಡ್‌ಇಯರ್ ಹಿಂದೆಗೆಯಿತು. 2001ರಲ್ಲಿ ಫ್ರಾನ್ಸಿನ ಮಿಶೆಲಿನ್ ಮರಳಿ ಬಂದುದರಿಂದ ಯುದ್ಧವು ಪುನಃ ಆರಂಭವಾಯಿತು.

ಈ ಯುದ್ಧದ ಒಂದು ವಿಲಕ್ಷಣವನ್ನು ನಾವು ಇಲ್ಲಿ ಹೇಳದಿರಲಾರೆವು. ಬ್ರಿಜ್‌ಸ್ಟೋನ್ ಕಂಪೆನಿಯು ಫೆರಾರಿ ತಂಡದೊಡನೆ ಏಕಜೀವವೆಂಬಂತೆ ದುಡಿಯಿತು. ಅದೇ ಟೈರನ್ನು ಕೊಂಡ ಬಡ ತಂಡಗಳಿಗೆ ದೊರೆತುದು ಫೆರಾರಿಯ ಅಳತೆಗೆ ಹೊಲಿದ ಅಂಗಿ. ಮಿಶೆಲಿನ್ ಪಕ್ಷದಲ್ಲಿ ಬಲಿಷ್ಠ ತಂಡಗಳು ಹಲವಿದ್ದುವು. 2003ರ ಆಗಸ್ಟಿನಲ್ಲಿ ಹಂಗೆರಿಯ ಪಂದ್ಯದ ತರುವಾಯ, ಮಿಶೆಲಿನ್‌ನ ಮುಂಗಾಲಿ ಟೈರುಗಳು ಓಡಿ ಸವೆದ ಮೇಲೆ ನಿಯಮಿತವಾದ 270 ಮಿಲಿಮೀಟರಿಗಿಂತ ಅಗಲವಾಗುವುವೆಂಬ ಆಕ್ಷೇಪವೆದ್ದಿತು. ಟೈರನ್ನು ಓಟಕ್ಕೆ ಮುಂಚೆ ಅಳೆಯುವುದೋ, ಓಟದ ಅನಂತರವೋ ಎಂಬ ವಾದವು ನ್ಯಾಯಶಾಸ್ತ್ರಜ್ಞರಿಗೆ ಒಪ್ಪುವಂತಹುದು. ಕಂಪೆನಿಯು ಹೊಸ ಅಚ್ಚುಗಳನ್ನು ಮಾಡಿಸಬೇಕಾಯಿತು. ಆ ವರ್ಷ ಮೈಕೇಲ್ ಶೂಮಾಕರ್ 93 ಅಂಕಗಳಿಂದ ಗೆದ್ದರು, ರೈಕೊನೆನ್‌ರಿಗೆ 91. ಎರಡೇ ಅಂಕಗಳ ಅಂತರದಲ್ಲಿ ಅಚ್ಚು ಬದಲಾದುದರ ಪಾಲೆಷ್ಟೆಂದು ಯಾರು ತೂಗಬಲ್ಲರು?

2005ರಲ್ಲಿ ಅಧಿಕಾರಿವರ್ಗವು ವೆಚ್ಚವನ್ನೂ ವೇಗವನ್ನೂ ಮಿತಗೊಳಿಸುವೆವೆಂದು ಒಂದೇ ಜೊತೆ ಟೈರಿನಲ್ಲಿ ಅರ್ಹತಾ ಓಟವನ್ನೂ ಇಡೀ ಪಂದ್ಯವನ್ನೂ ಮುಗಿಸಬೇಕೆಂದು ವಿಧಿಸಿತು. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ರೈಕೊನೆನ್‌ರ ಟೈರಿನ ಒಂದು ಕಡೆ ಚಪ್ಪಟೆಯಾಯಿತು. ಬದಲಿಸಿದರೆ ಗೆಲುವು ಹೋಗುವುದೆಂದು ಬದಲಿಸದೆ ಓಡಿದರು. ಕಡೆಯ ಸುತ್ತಿನಲ್ಲಿ ಅದರ ನಡುಕಕ್ಕೆ ಚಕ್ರದ ಆಧಾರವೇ ಮುರಿಯಿತು. ಅವರಿಗೆ ಪೆಟ್ಟಾಗದಿದ್ದುದು ದೈವಕೃಪೆ. ಅಧಿಕಾರಿಗಳು ಇದರಿಂದಲೂ ಎಚ್ಚರಗೊಳ್ಳಲಿಲ್ಲ.

ಅದೇ ವರ್ಷದ ಜೂನ್ 17ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ, ಓರೆಯಾಗಿ ಎತ್ತರಿಸಿದ 13ನೆಯ ತಿರುವಿನಲ್ಲಿ ರಾಲ್ಫ್ ಶೂಮಾಕರ್‌ರ ಟೊಯೊಟಾ ವಾಹನದ ಎಡ ಹಿಂಗಾಲಿ ಟೈರು ಒಡೆದು ವಾಹನವು ಗೋಡೆಗೆ ಬಡಿಯಿತು. ಮಿಶೆಲಿನ್ ತಜ್ಞರು ಪರೀಕ್ಷಿಸಿ, ಆ ತಿರುವಿನಲ್ಲಿ ವೇಗವು ತಗ್ಗದ ಹೊರತು ತಮ್ಮ ಟೈರು ಸುರಕ್ಷಿತವಲ್ಲವೆಂದು ಲಿಖಿತವಾಗಿಯೇ ಒಪ್ಪಿಕೊಂಡರು. ವ್ಯಾಪಾರಸ್ಥನು ತನ್ನ ಸರಕಿನ ದೋಷವನ್ನು ತಾನೇ ಸಾರುವುದು ಅಪೂರ್ವ. ಅದಕ್ಕೆ ಸಲ್ಲಬೇಕಾದ ಮನ್ನಣೆಯನ್ನು ನಾವು ಸಲ್ಲಿಸುವೆವು. ತಿರುವಿಗೆ ಮುಂಚೆ ತಾತ್ಕಾಲಿಕವಾದ ಒಂದು ಸೊಟ್ಟ ಹಾದಿಯನ್ನು ರಚಿಸೋಣವೆಂಬ ಸಲಹೆಗೆ ಫೆರಾರಿಯನ್ನುಳಿದು ಉಳಿದ ತಂಡಗಳು ಸಮ್ಮತಿಸಿದುವು. ಮಿ. ಮ್ಯಾಕ್ಸ್ ಮೋಸ್ಲೀಯವರ ಅಧ್ಯಕ್ಷತೆಯ ಅಂತರರಾಷ್ಟ್ರೀಯ ಸಂಸ್ಥೆಯು ಒಪ್ಪಲಿಲ್ಲ. ಸರಿಯಾದ ಟೈರು ತಂದವನನ್ನು ತಾರದವನಿಗಾಗಿ ಏಕೆ ದಂಡಿಸಬೇಕೆಂಬುದು ಅದರ ವಾದ. ವಾದದಲ್ಲಿ ಹುರುಳಿದೆ. ಆದರೆ ಹಣ ಕೊಟ್ಟು ಬಂದು ಕುಳಿತ ಸಹಸ್ರಾರು ಪ್ರೇಕ್ಷಕರು ಯಾವ ಟೈರನ್ನೂ ತಂದವರಲ್ಲ.

19ರಂದು 20 ವಾಹನಗಳು ಹೊರಟುವು. ಸಿದ್ಧತೆಯ ಸುತ್ತು ಮುಗಿಯುತ್ತಲೇ ಮಿಶೆಲಿನ್ ತೊಟ್ಟ 14 ವಾಹನಗಳು ತಂಗುದಾಣಕ್ಕೆ ತಿರುಗಿದುವು. ಫೆರಾರಿ, ಜೋರ್ಡನ್, ಮಿನಾರ್ಡಿಗಳ ಆರು ವಾಹನಗಳು ಮಾತ್ರ ಓಡಿದುವು. ಜನರು ಕೂಗಿದರು, ಬಾಟಲಿಗಳನ್ನೆಸೆದರು. ಮೈಕೇಲ್ ಶೂಮಾಕರ್ ಗೆದ್ದರು. ಫೆರಾರಿಗೆ ಆ ವರ್ಷ ದೊರೆತ ಜಯ ಅದೊಂದೇ. ನಾಲ್ಕನೆಯವರಾಗಿ ಬಂದವರು ಜೋರ್ಡನ್ ತಂಡದ ಶ್ರೀ ನರೈನ್ ಕಾರ್ತಿಕೇಯನ್, ಫಾರ್ಮುಲಾ ಒನ್ ಪಂದ್ಯದಲ್ಲಿ ಓಡಿದ ಮೊದಲ ಭಾರತೀಯರು. ಅಂದು ಪಡೆದ 5 ಅಂಕಗಳೇ ಅವರ ಜೀವಮಾನದ ಅಂಕಗಳು. ನಮ್ಮ ದೇಶದವನೊಬ್ಬನು ಆ ಕಣದಲ್ಲಿ ಮೊದಲ ಬಾರಿಗೆ ಅಂಕ ಗಳಿಸಿದ ದಿನವು ಜಗತ್ತಿನ ನೆನಪಿನಲ್ಲಿ ನಗೆಪಾಟಲಿನ ದಿನವಾಗಿ ನಿಂತಿರುವುದು ನಮಗೆ ನೋವಿನ ಸಂಗತಿ. ಆರೇ ವಾಹನಗಳಲ್ಲಿ ನಾಲ್ಕನೆಯ ಸ್ಥಾನವೆಂದು ಹಗುರಾಗಿ ನುಡಿಯುವವರಿಗೆ ನಾವು ಕೇಳುವುದಿಷ್ಟೆ: ಆ ವರ್ಷ ಉಳಿದೆಲ್ಲ ಪಂದ್ಯಗಳಲ್ಲಿ ಅವರನ್ನು ಹಿಂದೆ ಉಳಿಸಿದುದರಲ್ಲಿ ಟೈರಿನ ಪಾಲಿರಲಿಲ್ಲವೆ? ಒಂದೇ ದಿನ ಟೈರು ಅವರ ಪಕ್ಷದಲ್ಲಿ ನಿಂತಿತು.

ಮಿಶೆಲಿನ್ ಪ್ರೇಕ್ಷಕರಿಗೆ ಟಿಕೇಟಿನ ಹಣವನ್ನು ಹಿಂದಿರುಗಿಸುವೆನೆಂದು ಸಾರಿದುದಲ್ಲದೆ, ಮರು ವರ್ಷದ ಪಂದ್ಯಕ್ಕಾಗಿ 20,000 ಟಿಕೇಟುಗಳನ್ನು ತಾನೇ ಕೊಳ್ಳುವುದಾಗಿ ಹೇಳಿತು. ಅಧಿಕಾರಿವರ್ಗವು ಏನನ್ನು ಹಿಂದಿರುಗಿಸಿತು?

2006ರ ಅಂತ್ಯದಲ್ಲಿ ಮಿಶೆಲಿನ್ ಹೊರಟುಹೋಯಿತು. 2007ರಿಂದ 2010ರವರೆಗೆ ಬ್ರಿಜ್‌ಸ್ಟೋನ್ ಒಂದೇ, 2011ರಿಂದ ಇಟಲಿಯ ಪಿರೆಲಿ ಒಂದೇ. ಏಕಸ್ವಾಮ್ಯದಿಂದ ಸುರಕ್ಷತೆಯು ತಾನಾಗಿಯೇ ಲಭಿಸುವುದೆಂದು ನಂಬಿದವರಿಗೆ 2013ರ ಸಿಲ್ವರ್‌ಸ್ಟೋನ್ ಪಂದ್ಯವು ಉತ್ತರ ಕೊಟ್ಟಿತು. ಅಂದು ಹ್ಯಾಮಿಲ್ಟನ್, ಮಾಸಾ ಮೊದಲಾದವರ ಟೈರುಗಳು ವೇಗದ ನಡುವೆ ಒಂದರ ಮೇಲೊಂದು ಸಿಡಿದುವು. ಎದುರಾಳಿಯಿಲ್ಲದ ಅಂಗಡಿಯವನ ಮೇಲೆ ಗಿರಾಕಿಗಿರುವ ಅಸ್ತ್ರ ಒಂದೇ, ಕೊಳ್ಳುವುದಿಲ್ಲವೆನ್ನುವುದು. ಚಾಲಕರ ಸಂಘವು, ಇಂತಹುದು ಮರುಕಳಿಸಿದರೆ ಮುಂದಿನ ಜರ್ಮನಿಯ ಪಂದ್ಯದಿಂದ ಹೊರನಡೆಯುವೆವೆಂದು ಘೋಷಿಸಿತು. ಪಿರೆಲಿಯು ಆ ಪಂದ್ಯಕ್ಕೆ ಒಳಪಟ್ಟಿಯನ್ನೇ ಬದಲಿಸಿದ ಹಿಂಗಾಲಿ ಟೈರುಗಳನ್ನು ತಂದಿತು.

ಆದುದರಿಂದ ನಮ್ಮ ಮತವಿದು. ಟೈರು ಒದಗಿಸುವವನು ಒಬ್ಬನೇ ಇರುವುದು ಚಾಲಕರ ನಡುವಣ ನ್ಯಾಯಕ್ಕೆ ಮೇಲು. ಬಡ ತಂಡಕ್ಕೂ ಶ್ರೀಮಂತ ತಂಡಕ್ಕೂ ಅದರಲ್ಲಿ ಒಂದೇ ರಬ್ಬರು. ಆದರೆ ಆ ಒಬ್ಬನನ್ನು ಆರಿಸುವ ಗುತ್ತಿಗೆಯಲ್ಲಿ ಹಣದ ಮಾತಿನಷ್ಟೇ ಚಾಲಕರ ಮಾತಿಗೂ ಬೆಲೆಯಿರಬೇಕು. ದೋಷ ಕಂಡಾಗ ಪಂದ್ಯವನ್ನು ತಡೆಯುವ ಹಕ್ಕು ಅವರಿಗೆ ಬೆದರಿಕೆಯ ಮೂಲಕವಲ್ಲ, ನಿಯಮದ ಮೂಲಕವೇ ದೊರೆಯಬೇಕು. ಸ್ಪರ್ಧೆಯಿದ್ದರೆ ಮಾತ್ರ ತನ್ನ ಸರಕಿಗೆ ಬೆಲೆಯೆಂದು ಬಹುಕಾಲ ಪ್ರತಿಪಾದಿಸಿದ ಮಿಶೆಲಿನ್ ಕಂಪೆನಿಯೇ, 2016ರಲ್ಲಿ ಮೋಟಾರು ಸೈಕಲ್ಲುಗಳ ಜಾಗತಿಕ ಪಂದ್ಯಕ್ಕೆ ಏಕಮಾತ್ರ ಸರಬರಾಯಿದಾರನಾಯಿತು.