ಗೋಡೆಯ ಮೇಲಿನ ಗಂಡು-ಹೆಣ್ಣು

ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ನೋಡುವ ರೂಢಿ ನಮ್ಮಲ್ಲಿದೆ. ಗಂಡಸರಿಗೆ ಬಲಗಡೆ ಬಿದ್ದರೆ ಲೇಸು, ಹೆಂಗಸರಿಗೆ ಎಡಗಡೆ ಬಿದ್ದರೆ ಲೇಸು ಎಂಬುದು ಸಾಮಾನ್ಯವಾದ ನಂಬಿಕೆ. ಆದರೆ ಬಿದ್ದ ಹಲ್ಲಿ ಗಂಡೋ ಹೆಣ್ಣೋ ಎಂದು ಕೇಳಿದವರುಂಟೆ?

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ ಹೆಬ್ಬೂರು ಇದೆ. ಅಂಥ ಊರಿನ ಮನೆಯೊಂದರಲ್ಲಿ ಸಂಜೆ ದೀಪ ಹೊತ್ತಿದೊಡನೆ ಗೋಡೆಗೆ ಬರುವ ಹಲ್ಲಿಗಳನ್ನು ಗಮನಿಸಿರಿ. ಒಂದು ಬಿಳಿಚಿಕೊಂಡಿದೆ, ಇನ್ನೊಂದು ಕಂದು. ಒಂದರ ಬಾಲದಲ್ಲಿ ಸಣ್ಣ ಮುಳ್ಳುಗಳ ಸಾಲು, ಇನ್ನೊಂದರ ಬಾಲ ನುಣುಪು. ಇವು ಗಂಡು-ಹೆಣ್ಣಿನ ಗುರುತುಗಳಲ್ಲ. ಹಗಲು ಕಪ್ಪಾಗಿ ಕಂಡ ಹಲ್ಲಿಯೇ ಇರುಳು ಬಿಳಿಚಿಕೊಳ್ಳುತ್ತದೆ. ಕಳಚಿಹೋದ ಬಾಲ ಮತ್ತೆ ಬೆಳೆದಾಗ ಮುಳ್ಳುಗಳು ಮರಳುವುದಿಲ್ಲ.

ನಿಜವಾದ ಗುರುತು ಇರುವುದು ಹೊಟ್ಟೆಯ ಕಡೆ. ಕಿಟಕಿಯ ಗಾಜಿಗೆ ಹೊರಗಿನಿಂದ ಅಂಟಿಕೊಂಡ ಹಲ್ಲಿಯನ್ನು ಒಳಗೆ ನಿಂತು ನೋಡಬಹುದು. ಹೆಮಿಡ್ಯಾಕ್ಟೈಲಸ್ ಫ್ರೆನೇಟಸ್ ಎಂಬ ಮನೆಹಲ್ಲಿಯ ಗಂಡಿಗೆ, ಒಂದು ತೊಡೆಯಿಂದ ಇನ್ನೊಂದು ತೊಡೆಯವರೆಗೆ ಸುಮಾರು 30 ಸೂಕ್ಷ್ಮ ರಂಧ್ರಗಳ ಸಾಲಿರುತ್ತದೆ. ಅವುಗಳಿಂದ ಮೇಣದಂಥ ದ್ರವ್ಯ ಒಸರುತ್ತದೆ. ಬಾಲದ ಬುಡವೂ ಉಬ್ಬಿರುತ್ತದೆ. ಹೆಣ್ಣಿಗೆ ಈ ರಂಧ್ರಗಳಿಲ್ಲ. ಬಸುರಾದಾಗ ತೆಳುವಾದ ಹೊಟ್ಟೆಯ ಚರ್ಮದೊಳಗಿಂದ ಎರಡು ಬಿಳಿಯ ಮೊಟ್ಟೆಗಳು ಕಾಣಿಸುತ್ತವೆ.

ಈ ರಂಧ್ರಗಳು ಶಾಸ್ತ್ರಜ್ಞರಿಗೂ ದಾರಿದೀಪ. ಮನೆಹಲ್ಲಿಯಲ್ಲಿ ಅವುಗಳ ಸಾಲು ಅಖಂಡವಾಗಿದ್ದರೆ, ಅದರ ಕೆಲವು ನಂಟಸ್ತಿಕೆಯ ಜಾತಿಗಳಲ್ಲಿ ನಡುವೆ ಕಡಿದಿರುತ್ತದೆ. ದಕ್ಷಿಣ ಕರ್ನಾಟಕದ ಬಂಡೆಗುಡ್ಡಗಳಲ್ಲಿ ವಾಸಿಸುವ ದೊಡ್ಡ ಹಲ್ಲಿಯೊಂದನ್ನು ಇಶಾನ್ ಅಗರ್ವಾಲ್, ವರದ್ ಗಿರಿ, ಆರನ್ ಬಾವರ್ ಎಂಬವರು 2011ರಲ್ಲಿ ಹೆಮಿಡ್ಯಾಕ್ಟೈಲಸ್ ಗ್ರಾನಿಟಿಕೋಲಸ್ ಎಂಬ ಹೊಸ ಜಾತಿಯೆಂದು ವರ್ಣಿಸಿದಾಗ, ಗಂಡಿನ ತೊಡೆಯ ರಂಧ್ರಗಳ ಎಣಿಕೆಯೂ ಲಕ್ಷಣಗಳಲ್ಲೊಂದಾಗಿತ್ತು. ಹೆಣ್ಣು ಮಾತ್ರ ಸಿಕ್ಕಿದರೆ ಈ ಸಾಕ್ಷ್ಯ ದೊರೆಯುವುದಿಲ್ಲ. ಈಶಾನ್ಯ ಭಾರತದಲ್ಲಿರುವ ಹೆಮಿಡ್ಯಾಕ್ಟೈಲಸ್ ಗಾರ್ನೋಟಿಯೈ ಎಂಬುದರಲ್ಲಂತೂ ಹೆಣ್ಣುಗಳೇ ಎಲ್ಲ. ಗಂಡಿನ ನೆರವಿಲ್ಲದೆಯೇ ವಂಶ ಬೆಳೆಯುತ್ತದೆ.

ಕೊನೆಯದಾಗಿ ಒಂದು ಮಾತು. ಕೆಲವು ಹಲ್ಲಿಗಳ ಕತ್ತಿನ ಇಕ್ಕೆಲಗಳಲ್ಲಿ ಬಿಳಿಯ ಉಬ್ಬು ಕಾಣುತ್ತದೆ. ಅದು ವಿಷದ ಚೀಲವಲ್ಲ, ಸುಣ್ಣದ ದಾಸ್ತಾನು. ಹೆಣ್ಣಿನಲ್ಲಿ ಅದು ಮೊಟ್ಟೆಯ ಗಟ್ಟಿ ಚಿಪ್ಪಿಗೆ ಒದಗುತ್ತದೆ. ಮನೆಹಲ್ಲಿಗಳಿಗೆ ವಿಷವಿಲ್ಲ. ಆ ಉಬ್ಬನ್ನು ಕಂಡು ಪೊರಕೆ ಎತ್ತುವವರು ಹೊಡೆಯಹೊರಟಿರುವುದು, ಬಹುಶಃ, ಮೊಟ್ಟೆಯಿಡಲು ಸಿದ್ಧವಾಗುತ್ತಿರುವ ಒಂದು ತಾಯಿಯನ್ನು.